ಅಟ್ಟದ ಮೇಲಿದ್ದ ನಾಯಕಿ

ಮೊನ್ನೆ ನಮ್ಮ ಅಡುಗೆಮನೆಯ ಮೇಲು ಹಲಗೆಯಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ನನ್ನ ಹೆಂಡತಿ ಯಾವುದೋ ಕಾಲದಲ್ಲಿ ಅದರೊಳಗೆ ಕೊಬ್ಬರಿ ಹೋಳುಗಳನ್ನು ಇಟ್ಟು, ಇಟ್ಟದ್ದನ್ನು ಮರೆತು, ಆಮೇಲೆ ಮರೆತದ್ದನ್ನೂ ಮರೆತಿದ್ದಳು. ಮುಚ್ಚಳ ಬಿಗಿದುಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿದೆ. ಕಮಟು ವಾಸನೆ ಮುಖಕ್ಕೆ ಬಂದು ಬಡಿಯಿತು. ತಿಪಟೂರಿನಲ್ಲಿ ಹುಟ್ಟಿ ಬೆಳೆದವನಿಗೆ ಕೊಬ್ಬರಿಯ ವಾಸನೆ ಹೊಸದಲ್ಲ; ಒಳ್ಳೆಯದೂ ಗೊತ್ತು, ಕೆಟ್ಟದ್ದೂ ಗೊತ್ತು. ಆದರೆ ತಗಡಿನ ಡಬ್ಬಿಯಲ್ಲಿ ಉಸಿರು ಕಟ್ಟಿಕೊಂಡು ಕೆಟ್ಟ ಕೊಬ್ಬರಿಗೆ ಬೇರೆಯೇ ಒಂದು ವಾಸನೆಯಿದೆ. ಅದನ್ನು ನಾನು ಹಿಂದೆ ಒಮ್ಮೆ ಮಾತ್ರ ಮೂಸಿದ್ದೆ... ಹೊನ್ನವಳ್ಳಿಯಲ್ಲಿ, ಒಂದು ಮನೆಯ ಅಂಗಳದಲ್ಲಿ.

"ಎಸೀರಿ ಅದನ್ನ," ಎಂದಳು ಹೆಂಡತಿ. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ.

ಆಗ ನನಗೆ ಹೊನ್ನವಳ್ಳಿಯ ಶಾಲೆಯಲ್ಲಿ ಕನ್ನಡ ಮೇಷ್ಟರ ಕೆಲಸ ಹೊಸದಾಗಿ ಸಿಕ್ಕಿತ್ತು. ಮದುವೆಯಾಗದ ಮೇಷ್ಟರಿಗೆ ಬಾಡಿಗೆಗೆ ಜಾಗ ಕೊಡುವ ಮುನ್ನ ಊರು ತನ್ನ ಹೆಣ್ಣುಮಕ್ಕಳನ್ನೆಲ್ಲ ಒಮ್ಮೆ ನೆನೆಸಿಕೊಳ್ಳುತ್ತಿದ್ದ ಕಾಲ ಅದು. ತೆಂಗಿನ ತೋಟವಿದ್ದ ಯಜಮಾನರೊಬ್ಬರು ಧೈರ್ಯ ಮಾಡಿ ಮುಂದಿನ ಕೋಣೆ ಕೊಟ್ಟರು. ಅವರ ಧೈರ್ಯಕ್ಕೆ ಕಾರಣವಿತ್ತು: ಒಬ್ಬಳೇ ಮಗಳು ಮದುವೆಯಾಗಿ ತುರುವೇಕೆರೆ ಸೇರಿದ್ದಳು, ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದಿದ್ದವರು ಯಜಮಾನರು ಮತ್ತು ಅವರ ಅಕ್ಕ. ಅಕ್ಕನಿಗೆ ಅರವತ್ತು ದಾಟಿತ್ತು. ಊರಿಗೆಲ್ಲ ಆಕೆ ಅಕ್ಕಯ್ಯ. ನಾನೂ ಹಾಗೇ ಕರೆಯತೊಡಗಿದೆ.

ಅಕ್ಕಯ್ಯನ ಕಣ್ಣುಗಳಲ್ಲಿ ಸದಾ ನೀರಾಡುತ್ತಿತ್ತು. ಪಾಪ, ಏನೋ ದುಃಖವಿರಬೇಕೆಂದು ಮೊದಲ ವಾರವೆಲ್ಲ ನಾನು ಮರುಗಿದೆ. ಅದು ದುಃಖವಲ್ಲ, ಉದ್ಯೋಗದ ಗುರುತು ಎಂದು ಆಮೇಲೆ ಗೊತ್ತಾಯಿತು. ಚಿಕ್ಕ ವಯಸ್ಸಿನಲ್ಲಿ ನಡು ಮಧ್ಯಾಹ್ನ ಬಿಸಿಲಿಗೆ ಮುಖ ಕೊಟ್ಟು ನಿಲ್ಲಿಸಿ, ಸಾಲದೆಂದು ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳಿಂದ ಇನ್ನಷ್ಟು ಬಿಸಿಲನ್ನು ಕಣ್ಣಿಗೆ ತಿರುಗಿಸಿ, "ಈಗ ನಗು" ಎನ್ನುತ್ತಿದ್ದರಂತೆ. ಅಕ್ಕಯ್ಯ ಮೂಕಿ ಚಿತ್ರಗಳ ನಾಯಕಿಯಾಗಿದ್ದರು.

ಇದನ್ನು ಆಕೆ ಹೇಳುತ್ತಿದ್ದರು, ಊರು ಕೇಳುತ್ತಿತ್ತು, ನಂಬುತ್ತಿರಲಿಲ್ಲ. ನೀರಿಗೆ ಬಂದ ಹೆಂಗಸರು "ಅಕ್ಕಯ್ಯ, ಒಂದ್ಸಲ ಆಕ್ಟ್ ಮಾಡಿ ತೋರ್ಸವ್ವ" ಎಂದು ಕೆಣಕುವರು. ಅಕ್ಕಯ್ಯ ಬಿಂದಿಗೆ ಕೆಳಗಿಟ್ಟು, ಹುಬ್ಬು ಮಾತ್ರ ಒಂದಿಷ್ಟು ಎತ್ತಿ, ಅವರಲ್ಲೊಬ್ಬಳನ್ನು ನೋಡುವರು. ಅವಳು ಸೆರಗು ಸರಿ ಮಾಡಿಕೊಂಡು ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದಳು. ಇದಕ್ಕಿಂತ ಹೆಚ್ಚಿನ ಪುರಾವೆ ನನಗಂತೂ ಬೇಕಿರಲಿಲ್ಲ.

ಆಕೆಯ ವೃತ್ತಿಜೀವನ ಕೈಯಿಂದ ಆರಂಭವಾಗಿ ಕ್ರಮೇಣ ಮುಖವನ್ನು ತಲುಪಿತು. ಬೆಂಗಳೂರಿನ ಒಂದು ಪಿಕ್ಚರ್ ಕಂಪನಿ ಋಷಿಯ ಆಶ್ರಮ ಹುಡುಕಿಕೊಂಡು ಇವರ ತೋಟಕ್ಕೆ ಬಂದಿತ್ತು. ಋಷಿಗಳು ತೆಂಗಿನ ತೋಟದಲ್ಲಿ ತಪಸ್ಸು ಮಾಡುತ್ತಿದ್ದರೇ ಎಂದು ಆಗ ಯಾರೂ ಕೇಳಲಿಲ್ಲ, ಎಳನೀರಂತೂ ಧಾರಾಳವಾಗಿತ್ತು. ಬೆಂಗಳೂರಿನ ದಂಡು ಪ್ರದೇಶದಿಂದ ಬಂದಿದ್ದ ದೊರೆಸಾನಿಯಂಥ ನಾಯಕಿಗೆ ಬಾವಿಯಿಂದ ನೀರು ಸೇದಲು ಬರಲಿಲ್ಲ. ಹಗ್ಗ ಹಿಡಿದರೆ ಬಿಂದಿಗೆಯ ಹಿಂದೆ ತಾನೂ ಹೋಗುವಂತಿದ್ದಳು. ಅಲ್ಲೇ ನಿಂತು ನಗುತ್ತಿದ್ದ ತೋಟದ ಹುಡುಗಿಯನ್ನು ಕರೆದು, ಹಗ್ಗ ಎಳೆಯುವ ಕೈಗಳನ್ನು ಮಾತ್ರ ತೆಗೆದರು. ಮರುದಿನ ಬಿಂದಿಗೆ ಹೊತ್ತು ಹೋಗುವ ಬೆನ್ನು. ಬೆನ್ನಿನ ನಡಿಗೆ ಕಂಡ ಕಂಪನಿಯ ಒಡೆಯ "ತಿರುಗು" ಎಂದನಂತೆ. ತಿರುಗಿದಳು. ತಿರುಗಿದವಳು ಸೋದರತ್ತೆಯ ಕಾವಲಿನಲ್ಲಿ ಬೆಂಗಳೂರು ಬಸ್ಸು ಹತ್ತಿದಳು. ಅವಳಪ್ಪ ಬದುಕಿದ್ದ ಮಗಳ ಹೆಸರಿನಲ್ಲಿ ತಲೆಗೆ ನೀರು ಹುಯ್ದುಕೊಂಡು ಸೂತಕ ಕಳೆದುಕೊಂಡ.

ಮಾತಿಲ್ಲದ ಚಿತ್ರವಾದರೂ ತುಟಿ ಆಡಿಸಲೇಬೇಕಿತ್ತು. ಏನು ಹೇಳಬೇಕೆಂದು ಯಾರೂ ಹೇಳಿಕೊಡುತ್ತಿರಲಿಲ್ಲ. ಅದನ್ನು ಆಮೇಲೆ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದರು. ಹೀಗಾಗಿ ಅಕ್ಕಯ್ಯ ತಮಗೆ ತೋಚಿದ್ದನ್ನು ನಮ್ಮ ಸೀಮೆಯ ಮಾತಿನಲ್ಲೇ ಆಡಿದ್ದರು. ವನವಾಸಕ್ಕೆ ಹೊರಟ ರಾಜನ ಎದೆಗೊರಗಿ ಕಣ್ಣೀರು ಸುರಿಸುವ ಘಟ್ಟದಲ್ಲಿ ಪ್ರೇಕ್ಷಕರು ಪ್ರಾಣನಾಥ ಗೀಣನಾಥ ಎಂದು ಓದಿಕೊಂಡು ಅತ್ತರಂತೆ.

"ನಾನು ಅಂದಿದ್ದು ಬೇರೆ ಮೇಷ್ಟ್ರೇ. ಈರುಳ್ಳಿ ತಿಂದು ಬಂದಿದ್ದೀಯಲ್ಲೋ ಮೂದೇವಿ, ಅತ್ಲಾಗೆ ಮುಖ ತಿರುಗ್ಸು ಅಂದೆ. ಆ ಅಳು ಈರುಳ್ಳೀದೇ."

ಹೀಗೆ ಕೆಲವು ಚಿತ್ರಗಳಾದವು. ಒಂದನ್ನೂ ಆಕೆ ನೋಡಲಿಲ್ಲ. ಕಲಾವಿದೆ ತನ್ನ ಮುಖ ತಾನು ನೋಡಿಕೊಂಡರೆ ಅಹಂಕಾರ ಬಂದು ನಟನೆ ಕೆಡುತ್ತದೆ ಎಂದು ಒಡೆಯ ಕಟ್ಟುನಿಟ್ಟು ಮಾಡಿದ್ದ. ನಿನ್ನ ಕಣ್ಣೇ ಮಾತಾಡುವಾಗ ಗಂಟಲಿನ ಹಂಗೇಕೆ ಎಂದೂ ಹೇಳಿದ್ದ. ಮದುವೆಯಾಗುತ್ತೇನೆ ಎಂದೂ ಹೇಳಿದ್ದ. ಅಷ್ಟರಲ್ಲಿ ಚಿತ್ರಗಳಿಗೆ ಮಾತು ಬಂತು. ಅಕ್ಕಯ್ಯನ ಗಂಟಲನ್ನು ಪರೀಕ್ಷೆ ಮಾಡಿದರು. ಒಂದು ಸಾಲು ಹೇಳಿಸಿ, ರಾಗಿ ಕಲ್ಲು ಬೀಸಿದ ಹಾಗಿದೆ ಎಂದರು. ಒಡೆಯ ಸಂಗೀತ ಬಲ್ಲ ಇನ್ನೊಬ್ಬಳನ್ನು ತಂದ, ಅವಳನ್ನೇ ಮದುವೆಯಾದ. ಇವರಿಗೆ ಕೊನೆಯ ಚಿತ್ರದ ಒಂದು ರೀಲನ್ನು ಊಟದ ತಟ್ಟೆಯಗಲದ ತಗಡಿನ ಡಬ್ಬಿಯಲ್ಲಿ ಹಾಕಿ ನೆನಪಿಗೆಂದು ಕೊಟ್ಟ. "ಗಾಳಿ ಬೆಳಕು ತಗುಲಿದರೆ ನಿನ್ನ ಮುಖ ಅಳಿಸಿಹೋಗುತ್ತದೆ. ಮೆಷಿನ್ ಮುಂದೆ ಹೊರತು ತೆಗೆಯಬೇಡ," ಎಂದು ಎಚ್ಚರಿಕೆಯನ್ನೂ ಕೊಟ್ಟ. ಅಂಥವನ ಮಾತನ್ನು ಆಮೇಲೂ ನಂಬಿದಿರಾ ಎಂದು ನಾನು ಕೇಳಿದ್ದೆ. "ರೀಲಿನ ವಿಚಾರದಾಗೆ ಅವನು ಸುಳ್ಳು ಹೇಳ್ತಿರ್ಲಿಲ್ಲ," ಎಂದರು ಅಕ್ಕಯ್ಯ.

ಅಪ್ಪ ಸಾಯುವ ತನಕ ಊರಿನ ಬಾಗಿಲು ಮುಚ್ಚಿತ್ತು. ಸತ್ತ ಮೇಲೆ ಬೆಂಗಳೂರಿಗೆ ಹೋಗಿ ಅಕ್ಕನನ್ನು ಹುಡುಕಿ ಕರೆತಂದವರು ಇದೇ ತಮ್ಮ, ನನ್ನ ಯಜಮಾನರು. ಊರು ಆಡಿಕೊಂಡಿತು, ನೆಂಟರು ಬರುವುದು ಬಿಟ್ಟರು, ಅವರು ಜಗ್ಗಲಿಲ್ಲ. ಅಕ್ಕಯ್ಯನ ಬಾಯಲ್ಲಿ ತಮ್ಮನೆಂದರೆ ದೇವರು. ನನಗೂ ಅವರ ಮೇಲೆ ಭಕ್ತಿಯೇ ಇತ್ತು. ಪಂಚಾಯ್ತಿಗೆ ಊರವರು ಕರೆದೊಯ್ಯುತ್ತಿದ್ದ ಮನುಷ್ಯ. ತನ್ನ ಕೊಬ್ಬರಿ ರಾಶಿಯಲ್ಲಿ ಒಂದು ಕೆಟ್ಟ ಉಂಡೆ ಕಂಡರೆ ಮಂಡಿಯವರಿಗಿಂತ ಮುಂಚೆ ತಾವೇ ಎತ್ತಿ ಆಚೆ ಹಾಕುತ್ತಿದ್ದರು.

ಅದೂ ಅಲ್ಲದೆ, ಅಕ್ಕಯ್ಯನನ್ನು ಪರದೆಯ ಮೇಲೆ ಕಂಡಿದ್ದ ಮನುಷ್ಯ ಆ ಮನೆಯಲ್ಲಿ ಅವರೊಬ್ಬರೇ. ಅಪ್ಪನ ಕಣ್ಣು ತಪ್ಪಿಸಿ ತುಮಕೂರಿಗೆ ಹೋಗಿ ಕೊನೆಯ ಚಿತ್ರ ನೋಡಿಬಂದಿದ್ದರು. ಹೇಗೆ ಕಾಣುತ್ತಿದ್ದೆ ಎಂದು ಅಕ್ಕ ಕೇಳಿದಾಗಲೆಲ್ಲ ನಾಚಿಕೆಯಿಂದ ನೆಲ ನೋಡಿ, "ಚೆಂದಾಕಿದ್ದೆ ಬುಡಕ್ಕಯ್ಯ," ಎನ್ನುವರು. ಅಷ್ಟೇ. ಅಷ್ಟು ಸಾಲದು ಎಂಬುದೇ ಅಕ್ಕಯ್ಯನ ತಕರಾರು. ಊರವರಿಗೆ ತೋರಿಸುವ ಹಟ ಒಂದು ಕಡೆಗಿರಲಿ, ತನ್ನ ಮುಖ ನಗುವಾಗ, ಅಳುವಾಗ, ತಿರುಗಿ ನೋಡುವಾಗ ಹೇಗಿತ್ತೆಂದು ಸಾಯುವ ಮುಂಚೆ ಒಮ್ಮೆ ನೋಡಬೇಕು. ಆಕೆಗೆ ಬೇರೆ ಆಸೆಯೇ ಇರಲಿಲ್ಲ.

ಆ ರೀಲಿನ ಡಬ್ಬಿ ಅಟ್ಟದ ಮೇಲಿತ್ತು. ನಮ್ಮ ಕಡೆ ಜೋಪಾನ ಮಾಡಬೇಕಾದ್ದು ಇನ್ನೆಲ್ಲಿರುತ್ತದೆ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಿ, ಕಾಯಿ ಕೊಬ್ಬರಿಯಾಗಿ, ಕರಟದಿಂದ ಬಿಟ್ಟುಕೊಳ್ಳಬೇಕು. ಆದದ್ದು ಗೊತ್ತಾಗುವುದು ಎರಡು ಗುರುತಿನಿಂದ: ಎತ್ತಿದರೆ ಹಗುರವಾಗಿರಬೇಕು, ಕಿವಿಯ ಬಳಿ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ವರ್ಷಕ್ಕೊಮ್ಮೆ ಕಾಯಿ ಇಳಿಸುವಾಗ ಅಕ್ಕಯ್ಯನ ಡಬ್ಬಿಯೂ ಇಳಿಯುತ್ತಿತ್ತು. ಆಕೆ ಅದನ್ನು ಸೆರಗಿನಿಂದ ಒರೆಸಿ, ಕಣ್ಣು ಮುಚ್ಚಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸುವರು. ಒಳಗೆ ಸದ್ದಾಗುವುದು. ಮುಖ ಅರಳುವುದು. ಡಬ್ಬಿ ಮತ್ತೆ ಅಟ್ಟ ಸೇರುವುದು.

"ಮೊದಲೆಲ್ಲ ಭಾರ ಇತ್ತು ಮೇಷ್ಟ್ರೇ, ಸದ್ದೂ ಇರ್ಲಿಲ್ಲ. ಈಗ ನೋಡಿ, ಎಷ್ಟು ಹಗುರ ಆಗೈತೆ," ಎಂದು ಒಮ್ಮೆ ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟರು. ಹಗುರವಾಗಿ ಸದ್ದು ಮಾಡುವುದು ನಮ್ಮ ಸೀಮೆಯಲ್ಲಿ ಪಕ್ವವಾದುದರ ಲಕ್ಷಣ. ನಾನು ವಿಜ್ಞಾನದ ಮೇಷ್ಟ್ರಲ್ಲ, ಕನ್ನಡದ ಮೇಷ್ಟ್ರು. ಗಂಭೀರವಾಗಿ ತಲೆಯಾಡಿಸಿದೆ.

ಆ ವರ್ಷ ಕೆರೆ ಏರಿಯ ಕೆಳಗೆ ಟೆಂಟ್ ಸಿನಿಮಾ ಬಂತು. ಅದರ ಆಪರೇಟರ್ ಹುಳಿಯಾರಿನ ಕಡೆಯವನು, ಬೆಳಿಗ್ಗೆ ಕಾಫಿ ಹೋಟೆಲಿನಲ್ಲಿ ಪರಿಚಯವಾದ. ಮಾತಿಲ್ಲದ ರೀಲು ನಿನ್ನ ಮೆಷಿನ್‌ನಲ್ಲಿ ಓಡುತ್ತದೆಯೇ ಎಂದು ಕೇಳಿದೆ. ಓಡದೆ ಏನು, ಜನ ಸ್ವಲ್ಪ ಬಿರಬಿರನೆ ಓಡಾಡುತ್ತಾರೆ ಅಷ್ಟೆ ಎಂದ. ಅಕ್ಕಯ್ಯನಿಗೆ ಹೇಳಿದೆ. "ಓಡಾಡ್ಲಿ ಬುಡಿ, ಆಗ್ಲೂ ನಾನು ನಿಂತಿದ್ದು ಯಾವಾಗ," ಎಂದರು. ಮಾತು ತಮಾಷೆಯದು, ಹೇಳುವಾಗ ಕಣ್ಣು ಅಟ್ಟದ ಕಡೆಗಿತ್ತು.

ಯಜಮಾನರು ಒಪ್ಪಲಿಲ್ಲ. ಬೇಡವೆನ್ನಲಿಲ್ಲ, ಈಗ ಬೇಡವೆಂದರು. ಅಟ್ಟಕ್ಕೆ ಕಾಯಿ ಹಾಕಿ ಇನ್ನೂ ಅರ್ಧ ವರ್ಷವಾಗಿಲ್ಲ, ಈಗ ಕೆದಕಿದರೆ ಎಲ್ಲ ಕೆಡುತ್ತದೆ ಎಂದರು. ಡಬ್ಬಿ ಒಂದು ಮೂಲೆಯಲ್ಲಿತ್ತು, ಕಾಯಿ ಇನ್ನೊಂದು ಮೂಲೆಯಲ್ಲಿತ್ತು. ಆದರೂ ಅಟ್ಟದ ವಿಚಾರದಲ್ಲಿ ಯಜಮಾನನ ಮಾತಿಗೆ ನಮ್ಮ ಕಡೆ ಎದುರಾಡುವವರಿಲ್ಲ. ಮಳೆ ಹಿಡಿಯುವ ಹೊತ್ತಾಯಿತು. ಟೆಂಟ್ ಕೀಳುತ್ತಾರೆಂದು ಸುದ್ದಿ ಬಂತು. ಅವತ್ತು ಮಧ್ಯಾಹ್ನ ಯಜಮಾನರು ತೋಟದಿಂದ ಬರುವಷ್ಟರಲ್ಲಿ ಅಕ್ಕಯ್ಯ ತಾವೇ ಏಣಿ ಹಾಕಿ, ಸೀರೆ ಎತ್ತಿ ಕಟ್ಟಿ, ಅಟ್ಟ ಹತ್ತಿ ಡಬ್ಬಿ ಇಳಿಸಿದ್ದರು. ನೀರಿಗೆ ಬರುವ ಹೆಂಗಸರನ್ನೆಲ್ಲ ಕರೆದು ಅಂಗಳದಲ್ಲಿ ಕೂರಿಸಿದ್ದರು. ಪೆಟ್ಟಿಗೆಯ ತಳದಿಂದ ತೆಗೆದ ರೇಷ್ಮೆ ಸೀರೆ ಉಟ್ಟಿದ್ದರು. ಸಂಜೆ ಮೊದಲ ಆಟಕ್ಕೆ ಮುಂಚೆ ಎಲ್ಲರೂ ಟೆಂಟಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ರೀಲು ಹೇಗಿದೆಯೆಂದು ಒಮ್ಮೆ ನೋಡಿಬಿಡುತ್ತೇನೆ, ನೆರಳಿನಲ್ಲಿ ತೆಗೆದರೆ ಏನೂ ಆಗುವುದಿಲ್ಲ ಎಂದು ಆಪರೇಟರ್ ಮನೆಗೇ ಬಂದಿದ್ದ.

ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಚಪ್ಪಲಿ ಬಿಡಲಿಲ್ಲ.

ಆಪರೇಟರ್ ಮುಚ್ಚಳದ ಸಂದಿಗೆ ಚಾಕು ತೂರಿಸಿ ಸುತ್ತಲೂ ಮೀಟಿದ. ಮುಚ್ಚಳ ಎದ್ದಿತು. ಆಗ ಬಂತು ನೋಡಿ, ಆ ವಾಸನೆ. ಒಳಗೆ ಕಪ್ಪಾಗಿ ಮುರುಟಿದ ಎರಡು ಹೋಳು ಕೊಬ್ಬರಿ ಇತ್ತು. ಬೇರೇನೂ ಇರಲಿಲ್ಲ.

ಹೆಂಗಸರಲ್ಲೊಬ್ಬಳು ಇಣುಕಿ ನೋಡಿ, "ಇದ್ರಾಗೆ ಆಕ್ಟ್ ಮಾಡಿದ್ದೇನವ್ವ ಅಕ್ಕಯ್ಯ?" ಎಂದಳು. ಒಬ್ಬಳು ನಕ್ಕಳು, ಮತ್ತೆ ಎಲ್ಲರೂ ನಕ್ಕರು. ಅಕ್ಕಯ್ಯ ಒಂದು ಹೋಳನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು, ಮೂಸಿದರು. ಕಂಪನಿಯ ಒಡೆಯನೇ ಮೋಸ ಮಾಡಿದ್ದಾನೆಂದು ನಾನು ಬಾಯಿ ತೆರೆಯುವುದರಲ್ಲಿದ್ದೆ.

"ನಮ್ ತೋಟದ್ದೇ," ಎಂದು ಅಕ್ಕಯ್ಯ ತಮ್ಮನ ಕಡೆ ನೋಡಿದರು.

ಹೆಂಗಸರು ಒಬ್ಬೊಬ್ಬರಾಗಿ ಎದ್ದುಹೋದರು. ಯಜಮಾನರು ಅಲ್ಲೇ ಹೊಸ್ತಿಲ ಮೇಲೆ ಕೂತು ಹೇಳಿದರು. ಮಗಳು ಚಿಕ್ಕವಳಿದ್ದಾಗ ಒಬ್ಬ ಬಳೆಗಾರ ಹಳೆಯ ರೀಲು ಕೊಟ್ಟರೆ ಬಳೆ ಕೊಡುತ್ತೇನೆಂದು ಬಂದಿದ್ದ. ಅದನ್ನು ಕರಗಿಸಿ ಬಳೆ ಮಾಡುತ್ತಿದ್ದರಂತೆ. ಮಗು ಬಳೆಗೆ ಹಟ ಹಿಡಿದಿತ್ತು. ಆದರೆ ಬಳೆ ಒಂದು ನೆಪ. ಅಪ್ಪ ಸಾಯುವಾಗ ಕೈ ಹಿಡಿದು, ಅವಳ ನೆರಳೂ ಮನೆಗೆ ಬರಬಾರದು ಎಂದು ಮಾತು ತೆಗೆದುಕೊಂಡಿದ್ದ.

"ನಿನ್ನ ಆಚೆಗೆ ಹಾಕಾಕೆ ನನ್ ಕೈಲಾಗ್ಲಿಲ್ಲ ಅಕ್ಕಯ್ಯ. ಅದನ್ನ ಹಾಕ್ದೆ."

"ಕೊಬ್ಬರಿ ಯಾಕೋ ಇಟ್ಟೆ?"

"ನೀನು ಅಲ್ಲಾಡ್ಸಿ ನೋಡ್ತೀಯಲ್ಲ..."

ಒಳ್ಳೆಯ ಕೊಬ್ಬರಿಯನ್ನೇ ಆರಿಸಿ ಇಟ್ಟಿದ್ದರಂತೆ. ಕೆಡುವುದಕ್ಕೆ ಮುಂಚೆ ಆಗಾಗ ಬದಲಾಯಿಸುತ್ತಲೂ ಇದ್ದರಂತೆ. ಈಚೆಗೆ ಮಂಡಿ ನೋವಿನಿಂದ ಅಟ್ಟ ಹತ್ತಲು ಆಗದೆ, ಆಳು ಇಳಿಸಿಕೊಡುವ ಹಾಗಾಗಿ, ಕೆಟ್ಟುಹೋಯಿತು. ರಾಶಿಯಲ್ಲಿ ಒಂದು ಕೆಟ್ಟ ಉಂಡೆ ಸೇರಿಸದ ಮನುಷ್ಯ ಮೋಸವನ್ನೂ ಅದೇ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದರು. ನನಗೆ ಸಿಟ್ಟು ಬಂದದ್ದು ರೀಲನ್ನು ಬಳೆಗಾರನಿಗೆ ಕೊಟ್ಟದ್ದಕ್ಕಲ್ಲ, ಆ ಶ್ರದ್ಧೆಗೆ. ವರ್ಷ ವರ್ಷವೂ ಆಕೆ ಕಣ್ಣು ಮುಚ್ಚಿ ಆ ಸದ್ದು ಕೇಳುವಾಗ ಈ ಮನುಷ್ಯ ಪಕ್ಕದಲ್ಲೇ ನಿಂತಿರುತ್ತಿದ್ದರು... ನಾನು ನೋಡಿದ್ದೆ.

ಅಕ್ಕಯ್ಯ ಅಳಲಿಲ್ಲ. ಕಣ್ಣಲ್ಲಿ ನೀರಿತ್ತು, ಅದು ಯಾವಾಗಲೂ ಇರುತ್ತಿತ್ತು. ಒಳಗೆ ಹೋಗಿ ಸೀರೆ ಬದಲಾಯಿಸಿ ಮುದ್ದೆಗೆ ಎಸರಿಟ್ಟರು.

ಮರುದಿನ ಬೆಳಿಗ್ಗೆ ತಮ್ಮನಿಗೆ ಕಾಫಿ ತಂದುಕೊಟ್ಟು, ಎದುರಿಗೆ ನಿಂತು ಏನೋ ಹೇಳಿದರು. ತುಟಿಗಳು ಸ್ಪಷ್ಟವಾಗಿ ಆಡಿದವು, ಹುಬ್ಬು ಎದ್ದಿತು, ಧ್ವನಿ ಬರಲಿಲ್ಲ. ಯಜಮಾನರು "ಆಂ?" ಎಂದರು. ಅಕ್ಕಯ್ಯ ಇನ್ನೊಮ್ಮೆ ಹಾಗೇ ಹೇಳಿ ಒಳಗೆ ಹೋದರು. ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀರು ಕಾದೈತೆ," ಎಂದದ್ದು ಮಾತ್ರ ಬೀದಿಗೆ ಕೇಳುವಂತಿತ್ತು.

ಅಂದಿನಿಂದ ತಮ್ಮನ ಮಟ್ಟಿಗೆ ಅಕ್ಕಯ್ಯ ಮೂಕಿ ಚಿತ್ರವಾದರು. ಅಡುಗೆ ಮಾಡಿದರು, ಬಡಿಸಿದರು, ಜ್ವರ ಬಂದಾಗ ಕಷಾಯ ಕಾಯಿಸಿದರು. ದಿನಕ್ಕೊಮ್ಮೆ ಎದುರು ನಿಂತು ತುಟಿ ಆಡಿಸಿ ಏನೋ ಹೇಳಿದರು. ಶಾಪ ಹಾಕುತ್ತಿದ್ದಾರೆಂದು ಬೀದಿಯ ಅರ್ಧ ಜನ, ಬೆಂಗಳೂರಿನಲ್ಲಿ ಕಲಿತ ಮಂತ್ರವೆಂದು ಇನ್ನರ್ಧ. ಯಜಮಾನರು ತಿಪಟೂರಿಗೆ ಹೋಗಿ ಡಾಕ್ಟರ ಬಳಿ ಕಿವಿ ತೊಳೆಸಿಕೊಂಡು ಬಂದರು. ಕಾಗೆ ಕೇಳಿಸಿತು, ಬಸ್ಸು ಕೇಳಿಸಿತು, ಬಾವಿಯ ರಾಟೆ ಕೇಳಿಸಿತು, ಅಕ್ಕ ಕೇಳಿಸಲಿಲ್ಲ. "ಏನಂತಾಳೆ ಮೇಷ್ಟ್ರೇ?" ಎಂದು ನನ್ನನ್ನು ಕೇಳುವರು. ನನಗೂ ಗೊತ್ತಿರಲಿಲ್ಲ. ದಿನವೂ ಒಂದೇ ಮಾತು ಎಂಬುದಷ್ಟೇ ತುಟಿಗಳ ಆಕಾರದಿಂದ ತಿಳಿಯುತ್ತಿತ್ತು. ಅಕ್ಕಯ್ಯನನ್ನೇ ಕೇಳಿದೆ. "ಅವನಿಗೆ ಕೇಳಿಸ್ದಾಗ ನಿಮಗೂ ಕೇಳಿಸ್ತದೆ," ಎಂದರು.

ಹೀಗೆ ಕೆಲವು ವರ್ಷ ಕಳೆಯಿತು. ಒಂದು ದಿನ ತೋಟದಿಂದ ಯಜಮಾನರನ್ನು ಹೊತ್ತು ತಂದರು. ಲಕ್ವ ಹೊಡೆದಿತ್ತು. ಬಲಗಡೆ ಬಿದ್ದುಹೋಗಿತ್ತು, ನಾಲಿಗೆಯೂ ಬಿದ್ದುಹೋಗಿತ್ತು. ಡಾಕ್ಟರು ನೋಡಿ, ಇನ್ನೇನಿದ್ದರೂ ಒಂದೆರಡು ದಿನ ಎಂದರು. ತುರುವೇಕೆರೆಯಿಂದ ಮಗಳು ಬಂದು ತಲೆದೆಸೆಯಲ್ಲಿ ಕೂತಳು. ಮಧ್ಯಾಹ್ನ ಅಕ್ಕಯ್ಯ ಗಂಜಿಯ ಲೋಟ ಹಿಡಿದು ಬಂದು ಚಾಪೆಯ ಪಕ್ಕ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಆಕೆ ತಮ್ಮನ ಮುಖದ ಮೇಲೆ ಬಗ್ಗಿದರು. ತುಟಿ ಆಡಿತು. ಈ ಸಲ ಧ್ವನಿ ಬಂತು... ನಿಜಕ್ಕೂ ರಾಗಿ ಕಲ್ಲಿನಂಥ ಧ್ವನಿ.

"ಹೆಂಗೆ ಕಾಣ್ತಿದ್ದೆ ಹೇಳೋ?"

ಅದೇ ಆಕಾರ. ಅಷ್ಟು ವರ್ಷ ಅಂಗಳದಲ್ಲಿ ನಾನು ಕಂಡದ್ದು ಅದೇ. ಶಾಪವಲ್ಲ, ಮಂತ್ರವಲ್ಲ, ಇಷ್ಟೇ. ಕಂಡಿದ್ದವರು ಅವರೊಬ್ಬರೇ, ಇನ್ನು ಯಾರನ್ನು ಕೇಳುವುದು?

ಯಜಮಾನರಿಗೆ ಕೇಳಿಸಿತು. ಕಣ್ಣುಗಳು ಅಗಲವಾದವು. ತುಟಿಗಳು ಆಡತೊಡಗಿದವು. ನೆಲ ನೋಡಿ ಒಂದು ಮಾತಿನಲ್ಲಿ ಮುಗಿಸುತ್ತಿದ್ದ ಮನುಷ್ಯ ಬಹಳ ಹೊತ್ತು, ಬಹಳ ದೊಡ್ಡದೇನನ್ನೋ ಹೇಳಿದರು. ಒಂದಕ್ಷರಕ್ಕೂ ಧ್ವನಿ ಇರಲಿಲ್ಲ. ಅಕ್ಕಯ್ಯ ರೆಪ್ಪೆ ಮಿಟುಕಿಸದೆ ಆ ತುಟಿಗಳನ್ನೇ ನೋಡಿದರು. ಹೇಳಿ ಮುಗಿದ ಮೇಲೂ ನೋಡಿದರು. ಆಮೇಲೆ ಸೆರಗಿನಿಂದ ಅವರ ಬಾಯಿ ಒರೆಸಿ, ಲೋಟ ಎತ್ತಿಕೊಂಡು ಆಚೆ ಬಂದರು.

"ಏನಂದ್ರು ಅಕ್ಕಯ್ಯ?" ಎಂದೆ.

"ಅವನಿಗೆ ಬಾಯಿ ಆಡ್ಸಾಕೆ ಬರಲ್ಲ ಮೇಷ್ಟ್ರೇ," ಎಂದರು. "ಒಂದೂ ಗೊತ್ತಾಗ್ಲಿಲ್ಲ."

ಯಜಮಾನರು ಮರುದಿನ ತೀರಿಕೊಂಡರು. ನನಗೆ ಶೆಟ್ಟಿಕೆರೆಗೆ ವರ್ಗವಾಯಿತು. ಮದುವೆ, ಮಕ್ಕಳು, ಸಂಸಾರ... ಅಕ್ಕಯ್ಯ ಹೋದ ಸುದ್ದಿ ಯಾರದೋ ಬಾಯಿಂದ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಿತು, ಆಗಲೇ ಹಳೆಯದಾಗಿತ್ತು. ಈಗ ಆ ಮನೆಯಿಲ್ಲ, ಅಟ್ಟವಿಲ್ಲ. ಮೂಕಿ ಚಿತ್ರಗಳ ಬಗ್ಗೆ ಎಲ್ಲಾದರೂ ಏನಾದರೂ ಬಂದರೆ ಕನ್ನಡಕ ಹಾಕಿಕೊಂಡು ಒಂದೊಂದು ಮುಖವನ್ನೂ ನೋಡುತ್ತೇನೆ. ಹುಬ್ಬು ನೋಡುತ್ತೇನೆ. ಯಾವುದೂ ಆಕೆಯದಲ್ಲ, ಆಕೆಯದೇ ಆಗಿದ್ದರೂ ನನಗೆ ತಿಳಿಯುವ ಬಗೆಯಿಲ್ಲ. ನಾನು ಕಂಡದ್ದು ಅರವತ್ತು ದಾಟಿದ ಮುಖವನ್ನು. ಅದರ ಹಿಂದಿನದು ಯಾವ ಮಕ್ಕಳ ಕೈಯಲ್ಲಿ ಬಳೆಯಾಗಿ ಯಾವಾಗ ಒಡೆದುಹೋಯಿತೋ.

"ಇನ್ನೂ ಎಸೆದಿಲ್ವಾ?" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ಎಸೆಯಲೆಂದೇ ಎದ್ದೆ. ಮುಚ್ಚಳ ಒತ್ತಿ ಹಾಕಿದೆ. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕಣ್ಣು ಮುಚ್ಚಿ, ಕಿವಿಯ ಬಳಿ ಹಿಡಿದು ಒಮ್ಮೆ ಅಲ್ಲಾಡಿಸಿದೆ.

ಸದ್ದೇನೋ ಬಂತು.